ಕಾಚಂಪುಳಿಯ ಆಮ್ಲ: ಅಡುಗೆಮನೆಯ ವರ್ಗೀಕರಣ ಮತ್ತು ಸಂಶ್ಲೇಷಣೆಯ ಸಾಕ್ಷ್ಯ

ಕೊಡವ ತಕ್ಕಿನಲ್ಲಿ ‘ಪುಳಿ’ ಎಂದರೆ ಹುಳಿ. ಕನ್ನಡದಲ್ಲಿ ಪಕಾರವು ಹಕಾರವಾಗಿ ಮಾರ್ಪಟ್ಟ ಮೇಲೂ ಕೊಡವ, ತುಳು, ಮಲಯಾಳ ಭಾಷೆಗಳು ಹಳೆಯ ರೂಪವನ್ನು ಉಳಿಸಿಕೊಂಡು ಬಂದಿವೆ. ಆದರೆ ಕೊಡಗಿನ ಅಡುಗೆಮನೆಯಲ್ಲಿ ಪುಳಿ ಎಂಬುದು ಕೇವಲ ಒಂದು ರುಚಿಯ ಹೆಸರಲ್ಲ. ಅದು ಒಂದು ಕುಲದ ಹೆಸರು. ಬಯಲುಸೀಮೆಯಿಂದ ಬರುವ ಹುಣಸೆ ಆ ಕುಲದ ಒಂದು ಸದಸ್ಯ. ತೋಟದ ಅಂಚಿನಲ್ಲಿ ಬೆಳೆಯುವ ಕಹಿಕಿತ್ತಳೆಯಾದ ‘ಕೈಪುಳಿ’ ಇನ್ನೊಂದು. ಅದರ ಪಜ್ಜಿ ಕೊಡಗಿನ ಊಟದಲ್ಲಿ ಹೆಸರುವಾಸಿ. ಪಣಂಪುಳಿ ಹಣ್ಣಿನ ರಸವನ್ನು ಕಾಯಿಸಿ ಬತ್ತಿಸಿದ ಕಪ್ಪು ದ್ರವವಾದ ‘ಕಾಚಂಪುಳಿ’ ಮೂರನೆಯದು. ಮೂರೂ ಹುಳಿಯೇ ಆದರೂ ಒಂದರ ಸ್ಥಾನವನ್ನು ಮತ್ತೊಂದು ತುಂಬುತ್ತದೆಂದು ಅಡುಗೆ ಬಲ್ಲ ಹಿರಿಯರು ಒಪ್ಪುವುದಿಲ್ಲ. ಕೈಲ್‌ಪೊಳ್ದ್ ಹಬ್ಬದ ಪಂದಿಕರಿಗೆ ಹುಣಸೆ ಹಿಂಡಿದರೆ ಅದು ಪಂದಿಕರಿಯೇ ಅಲ್ಲ ಎಂಬುದು ಅವರ ತೀರ್ಮಾನ.

ಇದೇ ಮೂರು ಹುಳಿಗಳನ್ನು ರಸಾಯನಶಾಸ್ತ್ರ ಹೇಗೆ ವಿಂಗಡಿಸಿತು ಎಂಬುದು ಕುತೂಹಲಕಾರಿಯಾದ ಸಂಗತಿ. ಹುಣಸೆಯ ಹುಳಿ ಮುಖ್ಯವಾಗಿ ಟಾರ್ಟಾರಿಕ್ ಆಮ್ಲದ್ದು. ಕಿತ್ತಳೆ ನಿಂಬೆಗಳ ಹುಳಿ ಸಿಟ್ರಿಕ್ ಆಮ್ಲದ್ದು. ಇವೆರಡೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಚೆನ್ನಾಗಿ ಪರಿಚಿತವಾಗಿದ್ದವು. ಮೂರನೆಯದಾದ ಪಣಂಪುಳಿಯನ್ನು ಪರೀಕ್ಷಿಸಿದವರು ಮೊದಮೊದಲು ಇದನ್ನೂ ಆ ಎರಡರ ಲೆಕ್ಕಕ್ಕೇ ಸೇರಿಸಿದರು. ಅಡುಗೆಮನೆ ಮೂರು ಎಂದು ಎಣಿಸಿದ್ದನ್ನು ಪ್ರಯೋಗಾಲಯ ಎರಡು ಎಂದು ಎಣಿಸಿತು. 1960ರ ದಶಕದಲ್ಲಿ ಈ ಲೆಕ್ಕ ತಿದ್ದಲ್ಪಟ್ಟಿತು. ಆ ತಿದ್ದುಪಡಿ ನಡೆದ ಬಗೆಯನ್ನು, ಅದರಲ್ಲಿ ಅಣುವನ್ನು ಕೃತಕವಾಗಿ ಕಟ್ಟಿ ನೋಡುವ ‘ಸಂಶ್ಲೇಷಣೆ’ ಎಂಬ ವಿಧಾನದ ಪಾತ್ರವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜನಪದ ಜ್ಞಾನಕ್ಕೆ ವಿಜ್ಞಾನದ ಮುದ್ರೆ ಒತ್ತಿಸುವ ಉತ್ಸಾಹ ಇತ್ತೀಚಿನ ದಶಕಗಳಲ್ಲಿ ಹೆಚ್ಚಾಗಿದೆ. ಆ ಮುದ್ರೆ ಯಾವುದಕ್ಕೆ ಬೀಳುತ್ತದೆ, ಯಾವುದಕ್ಕೆ ಬೀಳುವುದಿಲ್ಲ ಎಂಬುದನ್ನು ತಿಳಿಯದೆ ಹೊರಟರೆ ಜನಪದಕ್ಕೂ ವಿಜ್ಞಾನಕ್ಕೂ ಅನ್ಯಾಯವಾಗುತ್ತದೆ.

ಪಣಂಪುಳಿ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಗಾರ್ಸಿನಿಯ ಗಮ್ಮಿ-ಗಟ್ಟ. ಗಾರ್ಸಿನಿಯ ಕ್ಯಾಂಬೋಜಿಯ ಎಂಬುದು ಹಳೆಯ ಹೆಸರಾದರೂ ವ್ಯಾಪಾರದಲ್ಲಿ ಅದೇ ಉಳಿದಿದೆ. ಉತ್ತರ ಕನ್ನಡದಲ್ಲಿ ಇದು ಉಪ್ಪಾಗೆ, ಮಲೆನಾಡಿನ ಕೆಲವೆಡೆ ಮಂತುಹುಳಿ, ಕೇರಳದಲ್ಲಿ ಕುಡಂಪುಳಿ, ಶ್ರೀಲಂಕೆಯಲ್ಲಿ ಗೊರಕ. ಕುಂಬಳದಂತೆ ಗೀರುಬಿದ್ದ ಹಳದಿ ಹಣ್ಣುಗಳು ಮಳೆಗಾಲದಲ್ಲಿ ಉದುರುತ್ತವೆ. ಕೇರಳದವರೂ ಉತ್ತರ ಕನ್ನಡದವರೂ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಇಡುತ್ತಾರೆ. ಕೊಡಗಿನ ಕ್ರಮ ಬೇರೆ. ಹಣ್ಣುಗಳನ್ನು ಬುಟ್ಟಿಯಲ್ಲಿ ತುಂಬಿ ಕೆಳಗೆ ಪಾತ್ರೆಯಿಟ್ಟು ಬಿಟ್ಟರೆ ಹಣ್ಣು ಕಳಿತು ಕರಗಿ ರಸ ತಾನಾಗಿ ತೊಟ್ಟಿಕ್ಕುತ್ತದೆ. ಹೀಗೆ ದಿನಗಟ್ಟಲೆ ಸಂಗ್ರಹಿಸಿದ ರಸವನ್ನು ಕುದಿಸಿ, ಕಪ್ಪಾಗಿ ಮಂದವಾಗುವವರೆಗೆ ಬತ್ತಿಸಿ, ತುಂಬಿಡುತ್ತಾರೆ. ಅದು ವರ್ಷಗಟ್ಟಲೆ ಕೆಡದು. ಕೊಡವರಷ್ಟೇ ಅಲ್ಲ, ಅರೆಭಾಷೆ ಗೌಡರು ಮೊದಲಾದ ಕೊಡಗಿನ ಇತರ ಸಮುದಾಯಗಳೂ ಇದನ್ನು ಬಲ್ಲವು.

‘ಕಾಚಂಪುಳಿ’ ಎಂಬ ಪದದ ಪೂರ್ವಾರ್ಧಕ್ಕೆ ಕನ್ನಡದ ‘ಕಾಸು’, ‘ಕಾಯಿಸು’, ಮಲಯಾಳದ ‘ಕಾಚ್ಚುಗ’ ಎಂಬ ಧಾತುಗಳು ಹತ್ತಿರದವು. ಹಾಗಾಗಿ ‘ಕಾಯಿಸಿದ ಹುಳಿ’ ಎಂಬ ಅರ್ಥವನ್ನು ಇಲ್ಲಿ ಕಾಣುವುದು ಅಸಹಜವಲ್ಲ. ಮರದ ಹೆಸರು ಬೇರೆ, ಪದಾರ್ಥದ ಹೆಸರು ಬೇರೆ. ಪದಾರ್ಥದ ಹೆಸರಿನಲ್ಲಿಯೇ ಅದನ್ನು ಮಾಡುವ ಕ್ರಮ ಅಡಗಿದೆ. ಈ ಕಾಯಿಸುವ ಕ್ರಿಯೆ ಅಣುವಿನ ಮಟ್ಟದಲ್ಲಿಯೂ ಒಂದು ಬದಲಾವಣೆಯನ್ನು ತರುತ್ತದೆ. ಆ ವಿಚಾರ ಮುಂದೆ ಬರಲಿದೆ.

ರಸಾಯನಶಾಸ್ತ್ರಜ್ಞರು ‘ಅಣುವಿನ ರಚನೆ’ ಎಂದು ಕರೆಯುವುದರಲ್ಲಿ ಒಂದರೊಳಗೊಂದು ಸೇರಿದ ಮೂರು ಪ್ರಶ್ನೆಗಳಿವೆ. ಅಣುವಿನಲ್ಲಿ ಯಾವ ಧಾತುವಿನ ಎಷ್ಟು ಪರಮಾಣುಗಳಿವೆ ಎಂಬುದು ಮೊದಲನೆಯದು. ಅವು ಯಾವುದಕ್ಕೆ ಯಾವುದು ಬೆಸೆದುಕೊಂಡಿವೆ ಎಂಬುದು ಎರಡನೆಯದು. ಆ ಬೆಸುಗೆಗಳು ಅವಕಾಶದಲ್ಲಿ ಯಾವ ದಿಕ್ಕಿಗೆ ಚಾಚಿವೆ ಎಂಬುದು ಮೂರನೆಯದು. ಅಣುವನ್ನು ಕಣ್ಣಿನಿಂದ ಕಾಣಲಾಗದ ಕಾಲದಲ್ಲಿ ಇವುಗಳಿಗೆ ಉತ್ತರ ಹುಡುಕುವ ದಾರಿ ಒಂದೇ ಇತ್ತು: ಅಣುವನ್ನು ಒಡೆಯುವುದು, ಒಡೆದ ಚೂರುಗಳಲ್ಲಿ ಪರಿಚಿತವಾದವುಗಳನ್ನು ಗುರುತಿಸುವುದು, ಅವು ಮೊದಲು ಹೇಗೆ ಜೋಡಿಸಿಕೊಂಡಿದ್ದವೆಂದು ತರ್ಕಿಸುವುದು. ಹಳೆಯ ಬುಟ್ಟಿಯೊಂದರ ಹೆಣಿಗೆಯನ್ನು ಕಲಿಯಬಯಸುವವನು ಅದರ ಎಳೆಗಳನ್ನು ಬಿಚ್ಚಿ ನೋಡುವಂತಹ ಕೆಲಸವಿದು. ಬಿಚ್ಚುವಾಗ ಎಳೆ ತುಂಡಾಗಬಹುದು, ಅನುಕ್ರಮ ಮರೆಯಬಹುದು, ಹೆಣಿಗೆಯ ಬಗ್ಗೆ ತಪ್ಪು ಕಲ್ಪನೆ ಮೂಡಬಹುದು. ಕಲ್ಪನೆ ಸರಿಯೇ ಎಂದು ತಿಳಿಯುವುದು ಹೊಸ ಬಿದಿರಿನಿಂದ ಅದೇ ಬುಟ್ಟಿಯನ್ನು ಮರಳಿ ಹೆಣೆದಾಗ ಮಾತ್ರ. ಊಹಿಸಿದ ರಚನೆಯ ಅಣುವನ್ನು ಸರಳವಾದ, ಸಂದೇಹವಿಲ್ಲದ ವಸ್ತುಗಳಿಂದ ಹೆಜ್ಜೆ ಹೆಜ್ಜೆಯಾಗಿ ಕಟ್ಟಿ, ನಿಸರ್ಗದಿಂದ ಬಂದ ಅಣುವಿನ ಪಕ್ಕದಲ್ಲಿಟ್ಟು ನೋಡುವುದೇ ಸಂಶ್ಲೇಷಣೆಯ ಮೂಲಕ ರಚನೆಯನ್ನು ದೃಢಪಡಿಸುವ ಕ್ರಮ. ಎರಡೂ ಒಂದೇ ತಾಪದಲ್ಲಿ ಕರಗಬೇಕು, ಬೆಳಕನ್ನು ಒಂದೇ ಬಗೆಯಲ್ಲಿ ಹೀರಬೇಕು, ಬೆರೆಸಿದರೂ ದ್ರವನ ಬಿಂದು ಇಳಿಯಬಾರದು. ಒಂದರಲ್ಲಿ ವ್ಯತ್ಯಾಸ ಕಂಡರೂ ಊಹೆ ಬಿದ್ದುಹೋಗುತ್ತದೆ.

ಕೊಡಗಿನ ಓದುಗರಿಗೆ ಇದಕ್ಕೆ ಮನೆಯಂಗಳದಲ್ಲಿಯೇ ಉದಾಹರಣೆಯಿದೆ. ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬೆಳೆಯುವ ಈ ಜಿಲ್ಲೆಯ ಆರ್ಥಿಕತೆ ನಿಂತಿರುವುದು ಒಂದರ್ಥದಲ್ಲಿ ಕೆಫೀನ್ ಎಂಬ ಅಣುವಿನ ಮೇಲೆ. ಜರ್ಮನಿಯ ರುಂಗೆ ಕಾಫಿಬೀಜದಿಂದ ಅದನ್ನು ಬೇರ್ಪಡಿಸಿದ್ದು 1819ರಲ್ಲಿ. ಬೀಜಗಳನ್ನು ಅವನ ಕೈಗಿತ್ತವನು ಕವಿ ಗೋಥೆ ಎಂಬುದು ಸಾಹಿತ್ಯಪ್ರಿಯರಿಗೆ ರುಚಿಸುವ ಸಂಗತಿ. ಕೆಫೀನ್ ಅಣುವಿನಲ್ಲಿರುವುದು ಕೇವಲ 24 ಪರಮಾಣುಗಳು: ಇಂಗಾಲ 8, ಜಲಜನಕ 10, ಸಾರಜನಕ 4, ಆಮ್ಲಜನಕ 2. ಆದರೂ ಅವುಗಳ ಜೋಡಣೆ ಬಗೆಹರಿಯಲು ಮುಕ್ಕಾಲು ಶತಮಾನ ಹಿಡಿಯಿತು. 1875ರಲ್ಲಿ ಮೆಡಿಕಸ್ ಎಂಬ ವಿದ್ವಾಂಸ ಒಂದು ರಚನೆಯನ್ನು ಸೂಚಿಸಿದ. ಅದು ಬಹುಮಟ್ಟಿಗೆ ತರ್ಕದ ಊಹೆ. ಎಮಿಲ್ ಫಿಷರ್ 1882ರಲ್ಲಿ ಅಣುವನ್ನು ಒಡೆದು ದೊರೆತ ಚೂರುಗಳ ಆಧಾರದಿಂದ ಬೇರೆಯೇ ಒಂದು ರಚನೆಯನ್ನು ಮುಂದಿಟ್ಟ. ಸಾಕ್ಷ್ಯದ ಬಲ ಫಿಷರನ ಕಡೆಗಿತ್ತು. ಮುಂದೆ 1895ರಲ್ಲಿ ಫಿಷರ್ ತನ್ನ ಸಹಾಯಕ ಆಕ್ ಜೊತೆಗೂಡಿ ಕೆಫೀನನ್ನು ಪ್ರಯೋಗಾಲಯದಲ್ಲಿ ಕಟ್ಟಿದ. ಅದೇ ಬಳಗದ ಇತರ ಅಣುಗಳನ್ನೂ ಕಟ್ಟುತ್ತ ಹೋದಂತೆ ತನ್ನ ರಚನೆ ಹೊಂದುವುದಿಲ್ಲವೆಂಬುದು ಸ್ಪಷ್ಟವಾಗಿ, 1897ರಲ್ಲಿ ಮೆಡಿಕಸ್‌ನ ರಚನೆಯೇ ಸರಿಯೆಂದು ಒಪ್ಪಿಕೊಂಡ. 1902ರ ನೊಬೆಲ್ ಪ್ರಶಸ್ತಿ ಅವನಿಗೆ ಸಂದದ್ದು ಸಕ್ಕರೆಗಳ ಹಾಗೂ ಈ ಬಳಗದ ಅಣುಗಳ ಸಂಶ್ಲೇಷಣೆಗಾಗಿ. ಒಡೆದು ನೋಡಿದಾಗ ತಪ್ಪು ತೋರಿದ್ದನ್ನು ಕಟ್ಟಿ ನೋಡಿದಾಗ ಸರಿಪಡಿಸಿಕೊಳ್ಳಲಾಯಿತು. ಕಾಫಿಗಿಡಗಳ ನಡುವಿನ ನೆರಳುಮರಗಳನ್ನು ಹಬ್ಬಿರುವ ಕರಿಮೆಣಸಿನ ಖಾರದ ಅಣು ಪೈಪರೀನ್ ಕೂಡ ಇದೇ ದಾರಿಯಲ್ಲಿ ಬಂತು: ಅದನ್ನು ಬೇರ್ಪಡಿಸಿದವನು ಡೆನ್ಮಾರ್ಕಿನ ಓರ್ಸ್ಟೆಡ್, 1894ರಲ್ಲಿ ಕಟ್ಟಿದವರು ಲಾಡೆನ್‌ಬುರ್ಗ್ ಮತ್ತು ಶೋಲ್ಟ್ಸ್.

ಪಣಂಪುಳಿಯ ಆಮ್ಲದ ಕತೆ ಇಷ್ಟು ನೇರವಾಗಿಲ್ಲ. ಇಲ್ಲಿ ಅಣು ಕಟ್ಟಲ್ಪಟ್ಟದ್ದು ಒಂದೆಡೆ, ಅದೂ ಬೇರೆಯೇ ಉದ್ದೇಶಕ್ಕಾಗಿ. ಹಣ್ಣಿನಲ್ಲಿ ಗುರುತಿಸಲ್ಪಟ್ಟದ್ದು ಇನ್ನೊಂದೆಡೆ. ಒಣಗಿದ ಸಿಪ್ಪೆಯ ಘಟಕಗಳನ್ನು ಕುರಿತು 1931ರಲ್ಲಿ ಭಾರತದಲ್ಲಿ ಪ್ರಕಟವಾದ ಟಿಪ್ಪಣಿಯೊಂದು ಅದರಲ್ಲಿರುವುದು ಟಾರ್ಟಾರಿಕ್ ಆಮ್ಲವೆಂದು ದಾಖಲಿಸಿತು. 1959ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಮೀನು ಊರಿಡಲು ಬಳಸುವ ಪದಾರ್ಥವಾಗಿ ಇದನ್ನು ಕ್ರೊಮ್ಯಾಟೊಗ್ರಫಿಯಿಂದ ಪರೀಕ್ಷಿಸಿ, ಪರಿಚಿತ ಆಮ್ಲಗಳ ಹೆಸರುಗಳನ್ನೇ ಹೇಳಿತು. ಇದರಲ್ಲಿ ಅಚ್ಚರಿಯೇನಿಲ್ಲ. ಕಾಗದದ ಮೇಲೆ ಮೂಡಿದ ಕಲೆಯನ್ನು ಗುರುತಿಸುವುದು ತನ್ನ ಬಳಿ ಇರುವ ಮಾದರಿಗಳ ಪಕ್ಕದಲ್ಲಿಟ್ಟು ನೋಡಿಯೇ. ಮಾದರಿಗಳ ಪೆಟ್ಟಿಗೆಯಲ್ಲಿ ಇಲ್ಲದ ವಸ್ತು ಎದುರಾದರೆ ಇರುವವುಗಳಲ್ಲಿ ಹತ್ತಿರದ್ದರ ಹೆಸರು ಅದಕ್ಕೆ ಅಂಟಿಕೊಳ್ಳುತ್ತದೆ. ಜಾನಪದ ಕ್ಷೇತ್ರಕಾರ್ಯದಲ್ಲಿಯೂ ಇಂತಹ ಪ್ರಮಾದ ಹೊಸದಲ್ಲ. ಸಂಗ್ರಾಹಕನ ಸೂಚಿಯಲ್ಲಿ ಇಲ್ಲದ ಆಶಯವೊಂದು ಕತೆಯಲ್ಲಿ ಬಂದಾಗ ಅದು ಹತ್ತಿರದ ಸಂಖ್ಯೆಯ ಕೆಳಗೆ ದಾಖಲಾಗಿ ಕಣ್ಮರೆಯಾದ ನಿದರ್ಶನಗಳು ಬೇಕಾದಷ್ಟಿವೆ.

ಈ ನಡುವೆ ಯುರೋಪಿನಲ್ಲಿ ‘ಹೈಡ್ರಾಕ್ಸಿಸಿಟ್ರಿಕ್ ಆಮ್ಲ’ ಎಂಬ ಅಣು ತಜ್ಞರಿಗೆ ತಿಳಿದಿತ್ತು. ಸಿಟ್ರಿಕ್ ಆಮ್ಲದ ಅಣುವಿಗೆ ಒಂದೇ ಒಂದು ಆಮ್ಲಜನಕ ಹೆಚ್ಚಾಗಿ ಸೇರಿದರೆ ಇದಾಗುತ್ತದೆ. ಎರಡರಲ್ಲೂ ಇಂಗಾಲ 6, ಜಲಜನಕ 8. ಸಿಟ್ರಿಕ್ ಆಮ್ಲದಲ್ಲಿ ಆಮ್ಲಜನಕ 7, ಇದರಲ್ಲಿ 8. 1883ರಲ್ಲಿ ಲಿಪ್‌ಮನ್ ಇದನ್ನು ಸಕ್ಕರೆ ಬೀಟಿನ ರಸದಲ್ಲಿ ಕಂಡಿದ್ದನೆಂದು ದಾಖಲೆ. 1941ರಲ್ಲಿ ಜರ್ಮನಿಯ ಮಾರ್ಟಿಯುಸ್ ಮತ್ತು ಮೌಎ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಅದರ ಸಮಾಂಗಿಗಳ, ಎಂದರೆ ಅದೇ ಪರಮಾಣುಗಳು ಬೇರೆ ದಿಕ್ಕುಗಳಿಗೆ ಚಾಚಿಕೊಂಡ ರೂಪಗಳ, ಗುಣಗಳನ್ನು ವಿವರವಾಗಿ ಅಭ್ಯಸಿಸಿದರು. ಅವರ ಆಸಕ್ತಿ ಯಾವ ಹಣ್ಣಿನಲ್ಲಿಯೂ ಇರಲಿಲ್ಲ. ಜೀವಕೋಶದಲ್ಲಿ ಸಿಟ್ರಿಕ್ ಆಮ್ಲ ಪಡೆಯುವ ಮಾರ್ಪಾಟುಗಳ ಹಾದಿಯಲ್ಲಿತ್ತು. ಆದರೂ ಆ ಸಂಶ್ಲೇಷಣೆಯಿಂದ ಮಾದರಿಗಳ ಪೆಟ್ಟಿಗೆಗೆ ಹೊಸ ವಸ್ತುವೊಂದು ಬಂದು ಸೇರಿತು. ಅದನ್ನು ನಿಸರ್ಗದಲ್ಲಿ ಎಲ್ಲಿ ಕಂಡರೂ ಹೋಲಿಸಲು ದಾಖಲೆ ಸಿದ್ಧವಾಯಿತು.

ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಈ ಆಮ್ಲವನ್ನು ಮತ್ತೆ ಕೈಗೆತ್ತಿಕೊಂಡರು. ಅವರ ಆರಂಭಿಕ ವರದಿ 1964ರಲ್ಲಿಯೂ ಪೂರ್ಣ ಪ್ರಬಂಧ 1965ರ ‘ಫೈಟೊಕೆಮಿಸ್ಟ್ರಿ’ ಪತ್ರಿಕೆಯಲ್ಲಿಯೂ ಪ್ರಕಟವಾದವು. ಒಣ ಸಿಪ್ಪೆಯನ್ನು ಒತ್ತಡದಲ್ಲಿ ನೀರಿನೊಡನೆ ಬೇಯಿಸಿ, ಬಂದ ರಸವನ್ನು ಬತ್ತಿಸಿ, ಮದ್ಯಸಾರ ಬೆರೆಸಿ ಪೆಕ್ಟಿನ್ ಎಂಬ ಅಂಟನ್ನು ತೆಗೆದುಹಾಕಿ, ಉಳಿದ ತಿಳಿಯಿಂದ ಆಮ್ಲವನ್ನು ಶುದ್ಧವಾಗಿ ಬೇರ್ಪಡಿಸುವ ಕ್ರಮವನ್ನು ಅವರು ರೂಪಿಸಿದರು. ಮೊದಲ ಎರಡು ಹೆಜ್ಜೆಗಳು ಕೊಡಗಿನ ಗೃಹಿಣಿಯ ಕ್ರಮಕ್ಕೆ ಎಷ್ಟು ಹತ್ತಿರ ಎಂಬುದನ್ನು ಗಮನಿಸಬಹುದು. ಹೀಗೆ ದೊರೆತದ್ದು ಟಾರ್ಟಾರಿಕ್ ಆಮ್ಲವೂ ಅಲ್ಲ, ಸಿಟ್ರಿಕ್ ಆಮ್ಲವೂ ಅಲ್ಲ. ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಒಂದು ನಿರ್ದಿಷ್ಟ ಸಮಾಂಗಿ. ಹಣ್ಣಿನ ಪ್ರಧಾನ ಆಮ್ಲ ಅದೇ. ಒಣ ಸಿಪ್ಪೆಯ ತೂಕದಲ್ಲಿ ಶೇಕಡಾ 10ರಿಂದ 30ರಷ್ಟು ಇದೇ ಇರುತ್ತದೆಂದು ಅನಂತರದ ಅಧ್ಯಯನಗಳು ತೋರಿಸಿವೆ. ಇಷ್ಟು ಧಾರಾಳವಾಗಿರುವ ವಸ್ತು ಇಷ್ಟು ಕಾಲ ತಪ್ಪು ಹೆಸರಿನಲ್ಲಿ ಇತ್ತು.

ಆ ಗೊಂದಲಕ್ಕೆ ಅಣುವಿನ ಸ್ವಭಾವವೂ ಇಂಬು ಕೊಟ್ಟಿರಬೇಕು. ಈ ಆಮ್ಲದ ದ್ರಾವಣವನ್ನು ಕಾಯಿಸಿ ಬತ್ತಿಸಿದರೆ ಅಣುವಿನ ಒಂದು ತುದಿ ಇನ್ನೊಂದಕ್ಕೆ ಬಾಗಿ ಕೂಡಿಕೊಂಡು, ಒಂದು ನೀರಿನ ಅಣುವನ್ನು ಕಳಚಿ, ‘ಲ್ಯಾಕ್ಟೋನ್’ ಎಂಬ ಉಂಗುರದ ರೂಪ ತಾಳುತ್ತದೆ. ಶುದ್ಧ ಹರಳಾಗಿ ಸುಲಭವಾಗಿ ಕೈಗೆ ಸಿಗುವುದು ಈ ಉಂಗುರವೇ. ನೀರಿನಲ್ಲಿ ಬಿಚ್ಚಿದ ರೂಪವೂ ಉಂಗುರದ ರೂಪವೂ ಜೊತೆಯಾಗಿರುತ್ತವೆ. ಮಳೆಗಾಲದ ಒಲೆಯ ಮೇಲೆ ರಸವು ಕಪ್ಪಾಗಿ ಮಂದವಾಗುವ ಹೊತ್ತಿನಲ್ಲಿ ಆಮ್ಲದ ಒಂದಂಶ ಹೀಗೆ ಉಂಗುರವಾಗುತ್ತ ಹೋಗುತ್ತದೆ. ಹಸಿ ಪಣಂಪುಳಿಯೂ ಕಾಯಿಸಿದ ಕಾಚಂಪುಳಿಯೂ ಒಂದೇ ಅಲ್ಲ ಎಂದು ಭಾಷೆ ಎರಡು ಹೆಸರಿಟ್ಟದ್ದಕ್ಕೆ ಅಣುವಿನ ಮಟ್ಟದಲ್ಲಿಯೂ ಆಧಾರವಿದೆ ಎನ್ನಬಹುದು.

ಇಷ್ಟಕ್ಕೆ ಎರಡು ಪ್ರಶ್ನೆಗಳು ಬಗೆಹರಿದವು. ದಿಕ್ಕಿನ ಪ್ರಶ್ನೆ ಉಳಿಯಿತು. ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಎರಡು ಇಂಗಾಲಗಳಲ್ಲಿ ಪ್ರತಿಯೊಂದರ ಸುತ್ತಲೂ ನಾಲ್ಕು ಬೇರೆ ಬೇರೆ ಗುಂಪುಗಳಿವೆ. ಅಂತಹ ಇಂಗಾಲದ ಸುತ್ತಲಿನ ಜೋಡಣೆ ಎರಡು ರೀತಿಯಲ್ಲಿರಬಹುದು, ಎಡಮುರಿ ಶಂಖಕ್ಕೂ ಬಲಮುರಿ ಶಂಖಕ್ಕೂ ಇರುವ ವ್ಯತ್ಯಾಸದಂತೆ. ಕೊಡಗಿನವರಿಗೆ ಈ ಪದ ಹೊಸದಲ್ಲ. ಕಾವೇರಿ ಬಲಕ್ಕೆ ಹೊರಳಿದ ತಾಣವೇ ಬಲಮುರಿ. ಅವಳ ಸೆಳೆತಕ್ಕೆ ಕೊಡವ ಹೆಂಗಳೆಯರ ಸೀರೆಯ ನೆರಿಗೆಗಳು ಹಿಂದಕ್ಕೆ ಸರಿದವೆಂಬ ಐತಿಹ್ಯ ಇಂದಿಗೂ ಜೀವಂತವಾಗಿದೆ. ಎರಡು ಇಂಗಾಲಗಳಿಗೆ ಎರಡೆರಡು ಸಾಧ್ಯತೆಗಳಾದ್ದರಿಂದ ಒಟ್ಟು ನಾಲ್ಕು ಸಮಾಂಗಿಗಳು. ಕಾಗದದ ಮೇಲೆ ನಾಲ್ಕಕ್ಕೂ ಸೂತ್ರ ಒಂದೇ, ಬೆಸುಗೆಗಳ ಪಟ್ಟಿಯೂ ಒಂದೇ.

ಧ್ರುವೀಕೃತ ಬೆಳಕು ದ್ರಾವಣದ ಮೂಲಕ ಹಾಯುವಾಗ ಅದರ ತಲವು ಎಡಕ್ಕೆ ಹೊರಳುತ್ತದೆಯೋ ಬಲಕ್ಕೋ ಎಂಬುದರಿಂದ ಇವುಗಳನ್ನು ಬೇರೆ ಮಾಡಿ ಗುರುತಿಸಬಹುದು. ಪಣಂಪುಳಿಯ ಆಮ್ಲ ಎಡಕ್ಕೆ ಹೊರಳಿಸುವಂಥದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಬೆಳಕು ಎಡಕ್ಕೆ ಹೊರಳಿತೆಂದ ಮಾತ್ರಕ್ಕೆ ಅಣುವಿನೊಳಗಿನ ಗುಂಪುಗಳು ಯಾವ ದಿಕ್ಕಿಗಿವೆಯೆಂದು ತಿಳಿಯುವುದಿಲ್ಲ. ಹೊರಳುವಿಕೆ ಒಂದು ಗುರುತು ಮಾತ್ರ, ನಕ್ಷೆಯಲ್ಲ. ಆ ನಕ್ಷೆ ದೊರೆತದ್ದು 1969ರಲ್ಲಿ. ಡೆನ್ಮಾರ್ಕಿನ ಬೋಲ್ ಮತ್ತು ಸಂಗಡಿಗರು, ಅಮೆರಿಕದ ಜೆನ್ನಿ ಗ್ಲಸ್ಕರ್ ಮತ್ತು ಸಂಗಡಿಗರು ಪ್ರತ್ಯೇಕವಾಗಿ ಪ್ರಕಟಿಸಿದ ಅಧ್ಯಯನಗಳು, ಒಟ್ಟಾರೆಯಾಗಿ ರಾಸಾಯನಿಕ ಹಾಗೂ ಕ್ಷ-ಕಿರಣ ವಿಧಾನಗಳಿಂದ, ಎರಡು ಸಹಜ ಸಮಾಂಗಿಗಳ ನಿಜವಾದ ದಿಕ್ಕುಗಳನ್ನು ನಿರ್ಣಯಿಸಿದವು. ಒಂದು ಪಣಂಪುಳಿಯ ಆಮ್ಲ. ಇನ್ನೊಂದು ಹೈಬಿಸ್ಕಸ್ ಆಮ್ಲ, ಕೆಂಪು ಪುಂಡಿಯ ಗಿಡದಲ್ಲಿ ಸಿಗುವಂಥದು. ಇವೆರಡರಲ್ಲಿ ಒಂದು ಇಂಗಾಲದ ಸುತ್ತಲಿನ ಜೋಡಣೆ ಒಂದೇ. ಇನ್ನೊಂದರ ಸುತ್ತ ಮಾತ್ರ ವಿರುದ್ಧ. ಉತ್ತರ ಕರ್ನಾಟಕದ ಪುಂಡಿಪಲ್ಯದ ಬಳಗದ ಹುಳಿಗೂ ಕೊಡಗಿನ ಪಂದಿಕರಿಯ ಹುಳಿಗೂ ನಡುವೆ ಇರುವ ಅಂತರ ಇಷ್ಟೇ: ಒಂದು ಇಂಗಾಲ, ಒಂದು ಹೊರಳು.

ಒಂದು ಹೊರಳಿನಿಂದ ಆಗುವುದೇನು? 1969ರಲ್ಲಿಯೇ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ವಾಟ್ಸನ್, ಫಾಂಗ್ ಮತ್ತು ಲೊವೆನ್‌ಸ್ಟೈನ್ ಪಣಂಪುಳಿಯ ಆಮ್ಲವು ದೇಹದಲ್ಲಿ ಕೊಬ್ಬಿನ ತಯಾರಿಕೆಗೆ ಬೇಕಾದ ಕಿಣ್ವವೊಂದನ್ನು ಬಲವಾಗಿ ತಡೆಯುತ್ತದೆಂದು ತೋರಿಸಿದರು. ಕಿಣ್ವವು ಬೀಗದಂತೆ, ಸರಿಯಾದ ದಿಕ್ಕಿಗೆ ಹಲ್ಲುಗಳಿರುವ ಕೀಲಿ ಮಾತ್ರ ಒಳಹೋಗುತ್ತದೆ. ಉಳಿದ ಸಮಾಂಗಿಗಳಿಗೆ ಆ ಶಕ್ತಿ ಇಲ್ಲವೆಂಬಷ್ಟು ಕಡಿಮೆಯೆಂದು ಮುಂದಿನ ಪರೀಕ್ಷೆಗಳಿಂದ ತಿಳಿಯಿತು.

ಈ ಶೋಧದ ಬೆನ್ನಿಗೆ ಬಂದದ್ದು ವ್ಯಾಪಾರ. 1990ರ ದಶಕದಲ್ಲಿ ‘ಗಾರ್ಸಿನಿಯ ಕ್ಯಾಂಬೋಜಿಯ’ ಎಂಬ ಹೆಸರಿನಲ್ಲಿ ತೂಕ ಇಳಿಸುವ ಗುಳಿಗೆಗಳು ಜಗತ್ತಿನ ಮಾರುಕಟ್ಟೆಗಳಲ್ಲಿ ತುಂಬಿಕೊಂಡವು. ಉತ್ತರ ಕನ್ನಡದ ಕಾಡುಗಳಲ್ಲಿ ಉಪ್ಪಾಗೆಯ ಬೆಲೆ ಏರಿ, ಹಣ್ಣಾಗುವ ಮೊದಲೇ ಕಾಯಿ ಕೀಳುವ, ಸಿಪ್ಪೆ ಒಣಗಿಸಲು ಕಾಡಿನ ಸೌದೆಯನ್ನೇ ಸುಡುವ ಪೈಪೋಟಿ ನಡೆಯಿತು. ಆದರೆ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ, 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಈ ಆಮ್ಲ ಸೇವಿಸಿದವರಿಗೂ ಹುಸಿಗುಳಿಗೆ ಸೇವಿಸಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾದವು. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ಈ ಗಿಡವನ್ನೊಳಗೊಂಡ ಪೂರಕ ಗುಳಿಗೆಗಳನ್ನು ಸೇವಿಸಬಾರದೆಂದು ಎಚ್ಚರಿಸಿತು. ಅಣುವಿನ ರಚನೆ ದೃಢಪಟ್ಟಿದೆ ಎಂಬುದು ಒಂದು ಮಾತು. ಅದು ಮನುಷ್ಯನಿಗೆ ಒಳಿತು ಮಾಡುತ್ತದೆ ಎಂಬುದು ಬೇರೆಯೇ ಮಾತು. ಮೊದಲನೆಯದರ ಗೌರವವನ್ನು ಎರಡನೆಯದಕ್ಕೆ ಸಾಲ ಕೊಡುವ ಜಾಹೀರಾತುಗಳಲ್ಲಿ ‘ಪಾರಂಪರಿಕ ಜ್ಞಾನ’ ಎಂಬ ಪದವೂ ಧಾರಾಳವಾಗಿ ಬಳಕೆಯಾಗುತ್ತದೆ. ಕೊಡಗಿನ ಪರಂಪರೆ ಕಾಚಂಪುಳಿಯನ್ನು ಸಾರಿಗೆ ಚಮಚೆಯ ಅಳತೆಯಲ್ಲಿ ಹಾಕಿತೇ ಹೊರತು ಗುಳಿಗೆಯಾಗಿ ನುಂಗಲಿಲ್ಲ.

ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಚಿಕ್ಕ ಅಣು. ಸಂಶ್ಲೇಷಣೆಯ ಸಾಕ್ಷ್ಯ ಅನಿವಾರ್ಯವಾಗುವುದು ದೊಡ್ಡ, ಜಟಿಲ ಅಣುಗಳಲ್ಲಿ. ಪಣಂಪುಳಿಯ ಹತ್ತಿರದ ಬಂಧು ಮುರುಗಲು, ಅಂದರೆ ದಕ್ಷಿಣ ಕನ್ನಡದ ಪುನರ್ಪುಳಿ. ಅದರ ಸಿಪ್ಪೆಯಲ್ಲಿ ಕೆಂಪು ಬಣ್ಣದ ಜೊತೆಗೆ ಹಳದಿಯ ಒಂದು ವಸ್ತುವಿದೆ. ಗಾರ್ಸಿನಾಲ್ ಎಂಬ ಈ ವಸ್ತುವಿನ ರಚನೆಯನ್ನು ಮೈಸೂರಿನ ಅದೇ ಸಂಶೋಧನಾಲಯದ ಕೃಷ್ಣಮೂರ್ತಿ, ಲೂಯಿಸ್ ಮತ್ತು ರವೀಂದ್ರನಾಥ್ 1981ರಲ್ಲಿ ಪ್ರಕಟಿಸಿದರು. ಇದರಲ್ಲಿ ಇಂಗಾಲ 38, ಜಲಜನಕ 50, ಆಮ್ಲಜನಕ 6; ಒಂದರೊಳಗೊಂದು ಹೆಣೆದುಕೊಂಡ ಉಂಗುರಗಳು, ಅವುಗಳಿಂದ ಹೊರಚಾಚಿದ ಸರಪಳಿಗಳು. ಬೆಸುಗೆಗಳ ಕ್ರಮ ತಿಳಿದ ಮೇಲೂ ಇಡೀ ಅಣುವಿನ ಎಡಮುರಿ ಬಲಮುರಿಗಳ ನಿರ್ಣಯಕ್ಕೆ ಅದನ್ನು ಕಟ್ಟಿ ನೋಡಬೇಕಾಯಿತು. ಜರ್ಮನಿಯ ಸೊಕೋಲ್‌ಸ್ಕಿ ಮತ್ತು ಪ್ಲೀಟ್‌ಕರ್ 2015ರಲ್ಲಿ ಗಾರ್ಸಿನಾಲನ್ನೂ ಅದರ ಜೊತೆಗಾರ ಐಸೊಗಾರ್ಸಿನಾಲನ್ನೂ ಪೂರ್ಣವಾಗಿ ಸಂಶ್ಲೇಷಿಸಿ ಆ ದಿಕ್ಕುಗಳನ್ನು ಖಚಿತಪಡಿಸಿದರು. ಪುನರ್ಪುಳಿಯ ಸಿಪ್ಪೆಯಿಂದ ಹೊರಟ ಪ್ರಶ್ನೆಗೆ ಉತ್ತರ ಬರಲು 34 ವರ್ಷ ಬೇಕಾಯಿತು. ಕ್ಷ-ಕಿರಣ ಮತ್ತು ಕಾಂತೀಯ ಅನುರಣನದ ಉಪಕರಣಗಳು ಬಂದ ಮೇಲೆ ಸಂಶ್ಲೇಷಣೆಯ ಸಾಕ್ಷ್ಯದ ಕಾಲ ಮುಗಿಯಿತೆಂದು ಭಾವಿಸಿದವರಿದ್ದಾರೆ. ಆದರೆ 1990ರಿಂದ 2004ರ ಆರಂಭದವರೆಗಿನ ಅವಧಿಯಲ್ಲಿ ಮಾತ್ರವೇ 300ಕ್ಕೂ ಹೆಚ್ಚು ನೈಸರ್ಗಿಕ ಅಣುಗಳ ಪ್ರಕಟಿತ ರಚನೆಗಳನ್ನು ತಿದ್ದಬೇಕಾಯಿತೆಂದು ನಿಕೋಲಾವು ಮತ್ತು ಸ್ನೈಡರ್ 2005ರಲ್ಲಿ ಎಣಿಸಿ ತೋರಿಸಿದರು. ಅವುಗಳಲ್ಲಿ ಹಲವು ತಪ್ಪುಗಳು ಬಯಲಾದದ್ದು, ಹೇಳಿದಂತೆ ಕಟ್ಟಿದ ಅಣು ನಿಸರ್ಗದ ಅಣುವಿಗೆ ಹೋಲದಿದ್ದಾಗ.

ಹಾಗೆಂದು ಈ ಸಾಕ್ಷ್ಯ ಎಂದೂ ಸುಳ್ಳಾಡದು ಎನ್ನಲಾಗದು. ಪಚೌಲಿ ಎಂಬ ಪರಿಮಳದ ಗಿಡದ ಎಣ್ಣೆಯಲ್ಲಿರುವ ಪ್ರಧಾನ ಅಣುವಿಗೆ ಅಮೆರಿಕದ ಬೂಕಿ ಒಂದು ರಚನೆಯನ್ನು ಸೂಚಿಸಿ, 1960ರ ದಶಕದ ಆರಂಭದಲ್ಲಿ ಅದನ್ನು ಕಟ್ಟಿಯೂ ತೋರಿಸಿದ. ಕಟ್ಟಿದ್ದು ನಿಸರ್ಗದ್ದಕ್ಕೆ ಎಲ್ಲ ರೀತಿಯಿಂದಲೂ ಹೊಂದಿತು. ವಿಷಯ ಮುಗಿಯಿತೆಂದೇ ಎಲ್ಲರ ಭಾವನೆ. ಆದರೆ 1963ರಲ್ಲಿ ಸ್ವಿಟ್ಜರ್ಲೆಂಡಿನ ಡುನಿಟ್ಸ್ ಮತ್ತು ಸಂಗಡಿಗರು ಆ ವಸ್ತುವಿನ ಸಂಯುಕ್ತವೊಂದರ ಹರಳನ್ನು ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ ಸೂಚಿಸಿದ್ದ ರಚನೆಯೇ ತಪ್ಪೆಂದು ತಿಳಿಯಿತು. ಅಣುವನ್ನು ಒಡೆಯುವಾಗ ಅದರ ಇಂಗಾಲದ ಕಟ್ಟು ಗೊತ್ತಾಗದಂತೆ ಒಂದು ಕಡೆಗೆ ಜರುಗಿತ್ತು. ಮರಳಿ ಕಟ್ಟುವಾಗ, ಅಷ್ಟೇ ಗೊತ್ತಾಗದಂತೆ, ಹಿಂದಿನ ಜಾಗಕ್ಕೆ ಮರಳಿತ್ತು. ಎರಡು ತಪ್ಪುಗಳು ಒಂದನ್ನೊಂದು ಅಳಿಸಿಹಾಕಿದ್ದವು. ಬಿಚ್ಚುವವನ ಕೈಯಲ್ಲಿ ಅದಲು ಬದಲಾದ ಎಳೆ ಹೆಣೆಯುವಾಗ ತಾನಾಗಿ ಸರಿಯಾದ ಕಣ್ಣಿಗೆ ಹೋಗಿ ಕೂತರೆ, ಬುಟ್ಟಿ ಸರಿಯಾಗಿದ್ದರೂ ಹೆಣೆದವನಿಗೆ ಹೆಣಿಗೆ ಬಂದಿರುವುದಿಲ್ಲ. ಪ್ರತಿ ಹೆಜ್ಜೆಯಲ್ಲಿಯೂ ನಡೆದದ್ದೇನೆಂದು ತಿಳಿದಿದ್ದರೆ ಮಾತ್ರ ಸಂಶ್ಲೇಷಣೆ ಸಾಕ್ಷ್ಯವಾಗುತ್ತದೆ.

ಇಷ್ಟು ಹಿನ್ನೆಲೆಯಲ್ಲಿ ಕೊಡಗಿನ ಇಂದಿನ ಒಂದು ಸಮಸ್ಯೆಯನ್ನು ನೋಡಬಹುದು. ಕಾಚಂಪುಳಿಯ ಹೆಸರಿನಲ್ಲಿ ಕಲಬೆರಕೆಯ ಹುಳಿ ಮಾರಾಟವಾಗುತ್ತಿದೆಯೆಂಬ ದೂರು ಸಾಮಾನ್ಯ. ಅಗ್ಗದ ಆಮ್ಲಕ್ಕೆ ಕಪ್ಪುಬಣ್ಣ ಸೇರಿಸಿದರೆ ನೋಟಕ್ಕೆ ವ್ಯತ್ಯಾಸ ತಿಳಿಯದು. ಹಿರಿಯರು ಬಣ್ಣ, ಮಂದತೆ, ನಾಲಗೆಗೆ ತಾಗಿದಾಗಿನ ಒಗರುಹುಳಿಗಳಿಂದ ಅಸಲನ್ನು ಗುರುತಿಸುತ್ತಾರೆ. ಆ ನಾಲಗೆಗಳು ಕಡಿಮೆಯಾಗುತ್ತಿವೆ. ಇಲ್ಲಿ 1965ರ ಸಂಶೋಧನೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸೀಸೆಯಲ್ಲಿರುವುದು ಸಿಟ್ರಿಕ್ ಅಥವಾ ಅಸಿಟಿಕ್ ಆಮ್ಲವೇ ಪ್ರಧಾನವಾಗಿದ್ದರೆ ಅದು ಕಾಚಂಪುಳಿಯಲ್ಲ ಎಂದು ಪ್ರಯೋಗಾಲಯ ಇಂದು ಖಚಿತವಾಗಿ ಹೇಳಬಲ್ಲದು. ಅಡುಗೆಮನೆಯ ಮೂರನೆಯ ಹುಳಿಗೆ ಕಾನೂನಿನ ಮುಂದೆ ನಿಲ್ಲಬಲ್ಲ ಗುರುತೊಂದು ದೊರೆತಂತಾಯಿತು. ಇದು ಸಣ್ಣ ಲಾಭವಲ್ಲ.

ಆದರೆ ವಿರುದ್ಧ ದಿಕ್ಕಿನಲ್ಲಿ ಈ ಪರೀಕ್ಷೆ ಅಷ್ಟು ದೂರ ಹೋಗದು. ಗುಳಿಗೆಗಾಗಿ ತೆಗೆದ ಆಮ್ಲವನ್ನೇ ನೀರಿನಲ್ಲಿ ಕರಗಿಸಿ ಸೀಸೆಗೆ ತುಂಬಿದರೆ ಅಣುವಿನ ಪರೀಕ್ಷೆ ಅದನ್ನು ಒಪ್ಪಿಬಿಡುತ್ತದೆ. ಪ್ರಯೋಗಾಲಯದಲ್ಲಿ ಕಟ್ಟಿದ ಅಣುವಿಗೂ ಮರ ಕಟ್ಟಿದ ಅಣುವಿಗೂ ರಚನೆಯಲ್ಲಿ ಭೇದವಿಲ್ಲ. ಸಂಶ್ಲೇಷಣೆಯ ಸಾಕ್ಷ್ಯ ನಿಂತಿರುವುದೇ ಆ ಅಭೇದದ ಮೇಲೆ. ಪೆಟ್ರೋಲಿಯಂ ಮೂಲದ ಇಂಗಾಲವಾದರೆ ಅದರಲ್ಲಿ ಇಂಗಾಲ-14 ಇರುವುದಿಲ್ಲವೆಂಬ ಸುಳಿವಿನಿಂದ ಮೂಲವನ್ನು ಪತ್ತೆಹಚ್ಚಬಹುದಾದರೂ ಅದು ರಚನೆಯ ಪ್ರಶ್ನೆಯಲ್ಲ. ಕಳಿತ ಹಣ್ಣಿನ ಸಕ್ಕರೆ, ಕಾಯಿಸುವಾಗ ಹುಟ್ಟಿದ ಕಪ್ಪು, ಆಮ್ಲ ಮತ್ತು ಅದರ ಉಂಗುರದ ಪ್ರಮಾಣ ಇವೆಲ್ಲ ಕೂಡಿ ಕಾಚಂಪುಳಿಯಾಗುತ್ತದೆ. ಹೀಗಾಗಿ ಮನೆಮನೆಯ ತಯಾರಿಕೆಯ ಕ್ರಮವನ್ನು, ಹಣ್ಣು ಆಯ್ದ ಕಾಲ, ಇಳಿಸಿದ ದಿನಗಳು, ಕಾಯಿಸಿದ ಪಾತ್ರೆ, ಬತ್ತಿಸಿದ ಹದಗಳ ಸಮೇತ ದಾಖಲಿಸುವ ಕ್ಷೇತ್ರಕಾರ್ಯ ರಾಸಾಯನಿಕ ಪರೀಕ್ಷೆಗೆ ಪೂರಕವಾಗಿ ನಡೆಯಬೇಕಾಗಿದೆ. ಅಂತಹ ದಾಖಲೆಯಿಲ್ಲದೆ ‘ಅಸಲು’ ಎಂಬ ಪದಕ್ಕೆ ಒಂದು ಆಮ್ಲದ ಶೇಕಡಾವಾರು ಪ್ರಮಾಣವಷ್ಟೇ ಅರ್ಥವಾಗಿ ಉಳಿಯುತ್ತದೆ.

ಕಕ್ಕಡ ತಿಂಗಳ ಹದಿನೆಂಟನೆಯ ದಿನ ಕೊಡಗಿನ ಮನೆಗಳಲ್ಲಿ ಬೇಯಿಸುವ ಮದ್ದ್ ತೊಪ್ಪಿನ ವಿಚಾರದಲ್ಲಿ ಈ ವಿವೇಚನೆ ಇನ್ನಷ್ಟು ಅಗತ್ಯ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಮದ್ದುಗಳು ಕೂಡುತ್ತವೆಂಬುದು ನಂಬಿಕೆ. ಸೊಪ್ಪನ್ನು ಬೇಯಿಸಿದ ನೀರು ಗಾಢ ನೇರಳೆಗೆ ತಿರುಗುವುದು ಎಲ್ಲರ ಅನುಭವ. ಈ ಸೊಪ್ಪಿನ ಸಾರವನ್ನು ಯಂತ್ರಕ್ಕೆ ಕೊಟ್ಟು ಪಡೆದ ಘಟಕಗಳ ಪಟ್ಟಿಗಳು ಈಗಾಗಲೇ ಪ್ರಕಟವಾಗಿವೆ. ಅಂತಹ ಪಟ್ಟಿಯ ಹೆಸರುಗಳು ಬರುವುದು ಯಂತ್ರದ ನೆನಪಿನಲ್ಲಿರುವ ಮಾದರಿಗಳ ಹೋಲಿಕೆಯಿಂದ. 1931ರಲ್ಲಿ ಪಣಂಪುಳಿಗೆ ಟಾರ್ಟಾರಿಕ್ ಎಂಬ ಹೆಸರು ಬಂದದ್ದೂ ಹೋಲಿಕೆಯಿಂದಲೇ. ಹದಿನೆಂಟು ಎಂಬ ಸಂಖ್ಯೆಯನ್ನು ಆ ಪಟ್ಟಿಯ ಸಾಲುಗಳೊಡನೆ ತಾಳೆ ನೋಡುವ ಮೊದಲು ಆಗಬೇಕಾದ ಕೆಲಸಗಳು ಸ್ಪಷ್ಟ: ಕಕ್ಕಡದ ಹದಿನೆಂಟರಂದು ಕೊಯ್ದ ಸೊಪ್ಪನ್ನೂ ಬೇರೆ ದಿನಗಳಲ್ಲಿ ಅದೇ ಗಿಡದಿಂದ ಕೊಯ್ದ ಸೊಪ್ಪನ್ನೂ ಜೊತೆಗಿಟ್ಟು ಪರೀಕ್ಷಿಸುವುದು, ನೇರಳೆಯ ಅಣುವನ್ನು ಶುದ್ಧವಾಗಿ ಬೇರ್ಪಡಿಸುವುದು, ಅದರ ರಚನೆಯನ್ನು ಊಹಿಸಿ ಕಟ್ಟಿ ನೋಡುವುದು.